ಗ್ರಂಥಾಲಯಕ್ಕೆ ದುಡ್ಡು ಕಟ್ಟಿದ್ದೇವೆ, ಬಾಗಿಲು ತೆರೆದಿಡಿ

ಸಂಪಾದಕರೇ, ನಮಸ್ಕಾರ.

ಮನೆ ಕಂದಾಯ ಕಟ್ಟಿದ ರಶೀದಿ ಇದ್ದರೆ ಓದುಗರು ಒಮ್ಮೆ ತೆಗೆದು ನೋಡಲಿ. ತೆರಿಗೆಯ ಕೆಳಗೆ ಆರೋಗ್ಯ ಕರ, ಭಿಕ್ಷುಕರ ಕರ ಅಂತ ಸಣ್ಣ ಸಣ್ಣ ಸಾಲುಗಳಿರುತ್ತವೆ. ಅವುಗಳ ಜೊತೆಯಲ್ಲೇ ಗ್ರಂಥಾಲಯ ಕರ ಅಂತ ಇನ್ನೊಂದು ಸಾಲು. ನೂರು ರೂಪಾಯಿ ತೆರಿಗೆಗೆ 6 ರೂಪಾಯಿ. ಅಂದರೆ 3,000 ರೂಪಾಯಿ ತೆರಿಗೆ ಬೀಳುವ ಮನೆಯವರು ವರ್ಷಕ್ಕೆ 180 ರೂಪಾಯಿಯನ್ನು ಗ್ರಂಥಾಲಯಕ್ಕೆ ಅಂತಲೇ ಕೊಡುತ್ತಿದ್ದಾರೆ. ನಗರಸಭೆ, ಪುರಸಭೆ ಅಷ್ಟೇ ಅಲ್ಲ, ಗ್ರಾಮ ಪಂಚಾಯಿತಿಯ ರಶೀದಿಯಲ್ಲೂ ಇದು ಇದೆ. 1965ರಲ್ಲಿ, ಇನ್ನೂ ನಮ್ಮದು ಮೈಸೂರು ರಾಜ್ಯ ಆಗಿದ್ದಾಗ, ಬಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಫಲ ಇದು. ಹಾಗಾಗಿ ಗ್ರಂಥಾಲಯದಲ್ಲಿ 'ಉಚಿತ ಸೇವೆ' ಅಂತ ಕಂಡಾಗಲೆಲ್ಲ ನನಗೆ ಸ್ವಲ್ಪ ನಗು ಬರುತ್ತದೆ. ಉಚಿತ ಎಲ್ಲಿ ಬಂತು, ಮುಂಗಡವಾಗಿ ಕಟ್ಟಿಬಿಟ್ಟಿದ್ದೇವಲ್ಲ. ಕಟ್ಟಿದ್ದಕ್ಕೆ ತಕ್ಕ ಹಾಗೆ ಬಳಸಿಕೊಳ್ಳುತ್ತಿಲ್ಲ, ಬಳಸಲು ಬಿಡುತ್ತಲೂ ಇಲ್ಲ, ಅದೇ ನನ್ನ ತಕರಾರು.

ಗ್ರಂಥಾಲಯದ ಮಾತು ಎತ್ತಿದರೆ ಸಾಕು, 'ಈಗ ಯಾರ್ರೀ ಲೈಬ್ರರಿಗೆ ಹೋಗ್ತಾರೆ, ಎಲ್ಲಾ ಮೊಬೈಲ್‌ನಲ್ಲೇ ಸಿಗುತ್ತಲ್ಲ' ಅನ್ನುವವರೇ ಜಾಸ್ತಿ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಕಾಲೇಜು ಬಿಟ್ಟ ಮೇಲೆ ಆ ಕಡೆ ತಲೆ ಹಾಕಿದವರಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಯಾವುದಾದರೂ ಜಿಲ್ಲಾ ಕೇಂದ್ರದ ಗ್ರಂಥಾಲಯದ ಮುಂದೆ ಹೋಗಿ ನಿಂತು ನೋಡಿ. ಪೇಪರ್ ಓದಲು ಬರುವ ನಿವೃತ್ತರು ಇರುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಅವರ ಹಿಂದೆ ಬ್ಯಾಗು, ನೀರಿನ ಬಾಟಲಿ, ಬುತ್ತಿ ಹಿಡಿದುಕೊಂಡು ನಿಂತಿರುವ ಹುಡುಗ ಹುಡುಗಿಯರನ್ನು ನೋಡಿ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಅಂತ ಸರಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿರುವವರು ಅವರು. ಅವರಿಗೆ ಬೇಕಿರುವುದು ಪುಸ್ತಕಕ್ಕಿಂತ ಮೊದಲು ಒಂದು ಕುರ್ಚಿ, ಒಂದು ಫ್ಯಾನು, ಯಾರೂ ಎಬ್ಬಿಸದ ನಾಲ್ಕಾರು ಗಂಟೆ. ಒಂದೇ ಕೋಣೆಯ ಮನೆಯಲ್ಲಿ ಟಿವಿ ಹಾಕಿದ್ದಾಗ ಭಾರತದ ಸಂವಿಧಾನ ಓದಲು ಆಗುತ್ತದೆಯೇ?

ಧಾರವಾಡದ ಸಪ್ತಾಪುರ ಕಡೆ ಹೋದವರಿಗೆ, ಬೆಂಗಳೂರಿನ ವಿಜಯನಗರ ಸುತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೋಚಿಂಗ್ ಸೆಂಟರ್‌ಗಳ ಪಕ್ಕದಲ್ಲೇ ಖಾಸಗಿ ರೀಡಿಂಗ್ ರೂಮ್‌ಗಳು ಹುಟ್ಟಿಕೊಂಡಿವೆ. ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಒಂದು ಟೇಬಲ್ಲು, ಒಂದು ಲೈಟು, ಚಾರ್ಜಿಂಗ್‌ಗೆ ಒಂದು ಪ್ಲಗ್ ಸಿಗುತ್ತದೆ. ಪುಸ್ತಕ ನಾವೇ ತಂದುಕೊಳ್ಳಬೇಕು. ಅಂದರೆ ಹಳ್ಳಿಯಿಂದ ಬಂದ ಹುಡುಗ ಪಿ.ಜಿ. ಬಾಡಿಗೆ, ಮೆಸ್ಸಿನ ದುಡ್ಡು, ಕೋಚಿಂಗ್ ಫೀಸು ಎಲ್ಲದರ ಮೇಲೆ ಕುಳಿತುಕೊಳ್ಳಲೂ ಬಾಡಿಗೆ ಕಟ್ಟುತ್ತಾನೆ. ಅವನ ಅಪ್ಪ ಊರಿನಲ್ಲಿ ಪಂಚಾಯಿತಿಗೆ ಗ್ರಂಥಾಲಯ ಕರ ಕಟ್ಟಿರುತ್ತಾನೆ! ಆ ರೂಮ್ ನಡೆಸುವವರ ಮೇಲೆ ನನಗೆ ಕೋಪ ಇಲ್ಲ. ಸರಕಾರಿ ಗ್ರಂಥಾಲಯ ರಾತ್ರಿಯವರೆಗೂ ತೆರೆದಿರುವುದಿಲ್ಲ, ಅವರು ತೆರೆದಿಟ್ಟಿದ್ದಾರೆ, ಅಷ್ಟೇ.

ಹಳ್ಳಿಗಳ ಕಡೆ ಕೆಲಸ ಆಗಿದೆ, ಅದನ್ನು ಹೇಳದೆ ಬರೀ ದೂರುವುದು ಸರಿಯಲ್ಲ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವುಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಈಗ ಅವಕ್ಕೆ 'ಅರಿವು ಕೇಂದ್ರ' ಅಂತ ಹೆಸರು. 2020ರಲ್ಲಿ, ಕೊರೊನಾ ಕಾಲದಲ್ಲಿ ಶಾಲೆಗಳಿಗೆ ಬೀಗ ಬಿದ್ದಿದ್ದಾಗ, 'ಓದುವ ಬೆಳಕು' ಅಂತ ಕಾರ್ಯಕ್ರಮ ಶುರು ಮಾಡಿ 6ರಿಂದ 18 ವರ್ಷದ ಹಳ್ಳಿ ಮಕ್ಕಳಿಗೆ ಸದಸ್ಯತ್ವವನ್ನು ಪುಕ್ಕಟೆ ಮಾಡಿದರು. ಲಕ್ಷಾಂತರ ಮಕ್ಕಳು ಸೇರಿದರು. ನಾನು ಚಿಕ್ಕವನಿದ್ದಾಗ ಊರ ಲೈಬ್ರರಿಯಲ್ಲಿ ಮಕ್ಕಳು ಪುಸ್ತಕ ಮುಟ್ಟಿದರೆ 'ಹರಿದುಹಾಕ್ತೀಯ, ಇಡು' ಅನ್ನುತ್ತಿದ್ದರು. ಈಗ ಒಳ್ಳೆಯ ಅರಿವು ಕೇಂದ್ರಗಳಲ್ಲಿ ಮಕ್ಕಳ ಕೈಗೆ ಎಟಕುವ ಹಾಗೆ ಪುಸ್ತಕ ಜೋಡಿಸಿದ್ದಾರೆ, ಗೋಡೆಗೆ ಬಣ್ಣ ಬಳಿದು ಚಿತ್ರ ಬರೆಸಿದ್ದಾರೆ, ಗಟ್ಟಿಯಾಗಿ ಓದಿಸುತ್ತಾರೆ, ಚೆಸ್ ಆಡಿಸುತ್ತಾರೆ, ಬೇಸಿಗೆ ರಜೆಯಲ್ಲಿ ಶಿಬಿರ ಮಾಡುತ್ತಾರೆ. ಕೆಲವು ಕಡೆ ಕಂಪ್ಯೂಟರ್, ದೊಡ್ಡ ಟಿವಿ, ಇಂಟರ್ನೆಟ್ ಇದೆ. ಈ ಕಂಪ್ಯೂಟರ್ ಬರೀ ಮಕ್ಕಳ ಆಟಕ್ಕಲ್ಲ. ಒಂದು ಸ್ಕಾಲರ್‌ಶಿಪ್ ಅರ್ಜಿ ಹಾಕಲು ತಾಲ್ಲೂಕು ಕೇಂದ್ರಕ್ಕೆ ಬಸ್ ಚಾರ್ಜು ಕೊಟ್ಟು ಹೋಗಿ, ಸೈಬರ್ ಸೆಂಟರ್‌ನವನು ಕೇಳಿದಷ್ಟು ಕೊಟ್ಟು, ಸರ್ವರ್ ಡೌನ್ ಅಂತ ವಾಪಸ್ ಬರುವ ಮನೆಗಳು ಎಷ್ಟಿಲ್ಲ. ಆ ಕೆಲಸ ಊರಿನ ಅರಿವು ಕೇಂದ್ರದಲ್ಲೇ ಆದರೆ ಒಂದು ದಿನದ ಕೂಲಿ ಉಳಿಯುತ್ತದೆ.

ಇದನ್ನೆಲ್ಲ ನಡೆಸುವವರು ಯಾರು? ಮೇಲ್ವಿಚಾರಕರು. ಎಷ್ಟೋ ವರ್ಷ ಅರೆಕಾಲಿಕ ಕೆಲಸ ಅಂತ ಹೇಳಿ ಸಣ್ಣ ಗೌರವಧನದಲ್ಲಿ ದುಡಿಸಿಕೊಂಡ ಜನ ಅವರು. ಕನಿಷ್ಠ ವೇತನ ಅಂತ ಆದೇಶ ಬಂದ ಮೇಲೂ ತಿಂಗಳುಗಟ್ಟಲೆ ಸಂಬಳ ಆಗಿಲ್ಲ ಅಂತ ಸುದ್ದಿ ನಿಮ್ಮ ಪತ್ರಿಕೆಗಳಲ್ಲೇ ಬರುತ್ತಿರುತ್ತದೆ. ಸಂಬಳ ಬಾರದವರನ್ನು ಹಿಡಿದು 'ಮಕ್ಕಳಿಗೆ ಕಥೆ ಹೇಳಿ, ಶಿಬಿರ ಮಾಡಿ, ಫೋಟೊ ತೆಗೆದು ಗ್ರೂಪಿಗೆ ಹಾಕಿ' ಅಂದರೆ ಎಷ್ಟು ದಿನ ಮಾಡುತ್ತಾರೆ, ಹೇಳಿ. ಮೇಲ್ವಿಚಾರಕರು ಚುರುಕಾಗಿದ್ದ ಕಡೆ ಗ್ರಂಥಾಲಯ ಚೆನ್ನಾಗಿ ನಡೆಯುತ್ತದೆ, ಇಲ್ಲದ ಕಡೆ ಕಟ್ಟಡ ಮಾತ್ರ ಇರುತ್ತದೆ. ಇದು ವ್ಯವಸ್ಥೆ ಅಲ್ಲ, ಅದೃಷ್ಟ.

ನಗರಗಳ ಕಡೆ ಬರೋಣ. ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಎಲ್ಲರೂ ನೋಡಿರುತ್ತಾರೆ. 1915ರಿಂದ ಅಲ್ಲಿ ಗ್ರಂಥಾಲಯ ಇದೆ. ಎದುರಿಗೆ ನಿಂತು ಸೆಲ್ಫಿ ತೆಗೆದುಕೊಳ್ಳುವವರಲ್ಲಿ ಎಷ್ಟು ಜನರಿಗೆ ಒಳಗೆ ಹೋಗಿ ಕುಳಿತು ಓದಬಹುದು ಅಂತ ಗೊತ್ತಿದೆಯೋ! ಅಲ್ಲಿ ಕಣ್ಣು ಕಾಣದವರಿಗೆ ಬ್ರೈಲ್ ಪುಸ್ತಕಗಳ ವಿಭಾಗ ಇದೆ. ಅದೇ ಪಾರ್ಕಿನಲ್ಲಿ ಮಕ್ಕಳಿಗೆ ಬೇರೆಯೇ ಇಂದಿರಾ ಪ್ರಿಯದರ್ಶಿನಿ ಗ್ರಂಥಾಲಯ ಇದೆ. 2020ರಲ್ಲಿ ಶುರುವಾದ ಡಿಜಿಟಲ್ ಗ್ರಂಥಾಲಯಕ್ಕೆ ಮನೆಯಲ್ಲೇ ಕುಳಿತು ಸೇರಬಹುದು, ಅದಕ್ಕೂ ದುಡ್ಡು ಇಲ್ಲ. 'ಎಲ್ಲಾ ಮೊಬೈಲ್‌ನಲ್ಲೇ ಸಿಗುತ್ತೆ' ಅನ್ನುವವರ ಮೊಬೈಲ್‌ನಲ್ಲಿ ಇದೊಂದು ಇದೆಯಾ ಅಂತ ಕೇಳಿ ನೋಡಿ, ಇರುವುದಿಲ್ಲ.

ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳು ಅಮೆರಿಕಕ್ಕೆ ಹೋಗಿ ಬಂದವರು ನಮ್ಮ ಬೀದಿಯಲ್ಲಿ ಈಗ ಸಾಕಷ್ಟಿದ್ದಾರೆ. ಅವರೆಲ್ಲ ಬಂದು ಹೇಳುವುದು ಅಲ್ಲಿಯ ಲೈಬ್ರರಿ ಕಥೆಯನ್ನೇ. ಪುಟ್ಟ ಮಕ್ಕಳಿಗೆ ಕಥೆ ಓದುತ್ತಾರೆ, ಮ್ಯೂಸಿಯಂ ಪಾಸ್ ಕೊಡುತ್ತಾರೆ, ವಯಸ್ಸಾದವರಿಗೆ ತೆರಿಗೆ ಫಾರಂ ತುಂಬಲು ಸಹಾಯ ಮಾಡುತ್ತಾರೆ, ಇಂಗ್ಲಿಷ್ ಬಾರದವರಿಗೆ ಇಂಗ್ಲಿಷ್ ಕಲಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅಷ್ಟು ದೂರ ಯಾಕೆ ಹೋಗಬೇಕು, ಪಕ್ಕದ ಕೇರಳ ನೋಡಿ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ತಿರುವಾಂಕೂರಿನ ಊರೂರಿನ ಚಿಕ್ಕ ಚಿಕ್ಕ ವಾಚನಾಲಯಗಳನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19ನ್ನು ಈಗಲೂ ಓದುವ ದಿನ ಅಂತ ಆಚರಿಸುತ್ತಾರೆ. ಅಲ್ಲಿಯ ಗ್ರಂಥಾಲಯ ಊರಿನವರೇ ಸಮಿತಿ ಮಾಡಿಕೊಂಡು ನಡೆಸುವಂಥದ್ದು. ಮಹಿಳೆಯರದೊಂದು ಗುಂಪು, ಮಕ್ಕಳದೊಂದು ಗುಂಪು, ಮನೆಬಾಗಿಲಿಗೆ ಪುಸ್ತಕ ತಲುಪಿಸುವ ಏರ್ಪಾಡು. ನಮ್ಮಲ್ಲಿ ಸರಕಾರ ಕಟ್ಟಿಕೊಟ್ಟಿತು, ನಾವು 'ಅದು ಸರಕಾರದ್ದು' ಅಂತ ದೂರ ಉಳಿದೆವು. ಗಣಪತಿ ಕೂರಿಸಲು ಬೀದಿಗೊಂದು ಸಮಿತಿ ಇದೆ, ಲೈಬ್ರರಿಗೆ ಇಲ್ಲ.

ಈಗ ಸಮಯದ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ. ನಾನು ಹೋಗುವ ಶಾಖೆ ಬೆಳಿಗ್ಗೆ ಸ್ವಲ್ಪ ಹೊತ್ತು ತೆಗೆದು, ಮಧ್ಯಾಹ್ನ ಮುಚ್ಚಿ, ಸಂಜೆ ಮತ್ತೆ ತೆಗೆಯುತ್ತದೆ. ಸಂಜೆ ಎಷ್ಟು ಹೊತ್ತಿಗೆ ಅಂತ ಬೋರ್ಡ್ ಇದೆ, ಬೋರ್ಡ್ ಹೇಳುವುದು ಒಂದು, ಆಗುವುದು ಇನ್ನೊಂದು. ಸೋಮವಾರ ರಜೆ ಅಂತ ತಿಳಿಯದೆ ಬಂದು ಬೀಗ ನೋಡಿ ಹೋಗುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳು ಕೆಲಸ ಮುಗಿಸಿ ಮನೆಗೆ ಬಂದು ಅಡುಗೆ ಮಾಡಿಟ್ಟು ಬರುವಷ್ಟರಲ್ಲಿ ಗ್ರಂಥಾಲಯದ ದೀಪ ಆರಿರುತ್ತದೆ. ಅಂಗಡಿಯಲ್ಲಿ ಕೆಲಸ ಮಾಡುತ್ತಾ ಪರೀಕ್ಷೆಗೆ ಓದುವ ಹುಡುಗನಿಗೂ ಅದೇ ಪಾಡು. ಗ್ರಂಥಾಲಯದ ಹೊತ್ತು ದಿನವಿಡೀ ಬಿಡುವಾಗಿರುವವರಿಗೆ ಮಾತ್ರ ಹೊಂದುತ್ತದೆ.

ಎಸ್.ಆರ್. ರಂಗನಾಥನ್ ಅವರನ್ನು ನಮ್ಮ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಕರೆಯುತ್ತೇವೆ, ಆಗಸ್ಟ್ 12ಕ್ಕೆ ಅವರ ಫೋಟೊಗೆ ಹಾರ ಹಾಕುತ್ತೇವೆ. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು. 1931ರಲ್ಲಿ ಅವರು ಐದು ಸೂತ್ರ ಬರೆದರು, ಮೊದಲನೆಯದು 'ಪುಸ್ತಕಗಳು ಇರುವುದು ಬಳಕೆಗೆ' ಅಂತ. ಆ ಸೂತ್ರ ವಿವರಿಸುವಾಗ ಅವರು ದೊಡ್ಡ ತತ್ವ ಹೇಳಲು ಹೋಗಲಿಲ್ಲ. ಗ್ರಂಥಾಲಯ ಊರಿನ ಯಾವ ಜಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಮೇಜು ಹೇಗಿರಬೇಕು, ಸಿಬ್ಬಂದಿ ಹೇಗೆ ನಡೆದುಕೊಳ್ಳಬೇಕು, ಇವನ್ನೇ ಬರೆದರು. ಹೆಚ್ಚು ಕಡಿಮೆ ನೂರು ವರ್ಷ ಆಯಿತು. ಹಾರ ಹಾಕುವ ಬದಲು ಸಂಜೆ ಒಂಬತ್ತರವರೆಗೆ ಬಾಗಿಲು ತೆರೆದರೆ ಅವರು ಹೆಚ್ಚು ಖುಷಿಪಡುತ್ತಿದ್ದರೇನೋ.

ಹೆಣ್ಣುಮಕ್ಕಳ ವಿಷಯವನ್ನೂ ಬರೆಯಬೇಕು. ನಮ್ಮ ಊರ ಗ್ರಂಥಾಲಯದ ಪೇಪರ್ ಓದುವ ಹಾಲ್‌ನಲ್ಲಿ ಒಬ್ಬ ಮಹಿಳೆಯೂ ಕಾಣುವುದಿಲ್ಲ. ಓದುವ ಆಸೆ ಅವರಿಗಿಲ್ಲ ಅಂತಲ್ಲ. ಒಳಗೆ ಕಾಲಿಟ್ಟರೆ ಎಲ್ಲ ಗಂಡಸರೂ ಪೇಪರ್ ಕೆಳಗಿಳಿಸಿ ನೋಡುತ್ತಾರೆ. ಶೌಚಾಲಯ ಇದೆ, ಅದಕ್ಕೆ ಬೀಗ, ಬೀಗದ ಕೈ ಯಾರನ್ನು ಕೇಳಬೇಕೋ ಗೊತ್ತಿಲ್ಲ. ಕುಡಿಯುವ ನೀರಿನ ಫಿಲ್ಟರ್ ಕೆಟ್ಟು ಎಷ್ಟು ಕಾಲ ಆಯಿತೋ. ಮೂರು ಗಂಟೆ ಕುಳಿತು ಓದಬೇಕಾದ ಹುಡುಗಿ ಅಲ್ಲಿ ಹೇಗೆ ಕುಳಿತಾಳು? ಒಂದು ಬೇರೆ ಮೇಜು, ಒಂದು ಶುಚಿಯಾದ ಶೌಚಾಲಯ, ಇಷ್ಟು ಮಾಡಿದರೆ ಅರ್ಧ ಸಮಸ್ಯೆ ತೀರುತ್ತದೆ. ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಉದ್ಘಾಟನೆ ಏನೂ ಬೇಡ.

ದುಡ್ಡೆಲ್ಲಿ ಅಂತ ಅಧಿಕಾರಿಗಳು ಕೇಳುತ್ತಾರೆ. ಮೇಲೆ ಬರೆದಿದ್ದೇನಲ್ಲ, ನೂರಕ್ಕೆ ಆರು. ಆದರೆ ಜನರಿಂದ ವಸೂಲಿ ಮಾಡಿದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಸರಿಯಾಗಿ ದಾಟಿಸುವುದಿಲ್ಲ, ಬಾಕಿ ಉಳಿಸಿಕೊಳ್ಳುತ್ತವೆ ಅನ್ನುವುದು ಹಳೆಯ ದೂರು, ಬೆಂಗಳೂರಿನ ಪಾಲಿಕೆಯ ಬಗ್ಗೆ ಅಂತೂ ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ. ಗ್ರಂಥಾಲಯದ ಹೆಸರಿನಲ್ಲಿ ತೆಗೆದುಕೊಂಡ ದುಡ್ಡು ಬೇರೆ ಕೆಲಸಕ್ಕೆ ನಿಲ್ಲಿಸಿಕೊಳ್ಳುವುದು ಯಾವ ನ್ಯಾಯ? ಪ್ರತಿ ವಾರ್ಡಿನಲ್ಲಿ, ಪ್ರತಿ ಪಂಚಾಯಿತಿಯಲ್ಲಿ ಈ ವರ್ಷ ಎಷ್ಟು ಗ್ರಂಥಾಲಯ ಕರ ಬಂತು, ಎಷ್ಟು ಕೊಟ್ಟಿರಿ, ಎಷ್ಟು ಬಾಕಿ ಇದೆ ಅಂತ ಒಂದು ಹಾಳೆಯಲ್ಲಿ ಬರೆದು ಗ್ರಂಥಾಲಯದ ಬಾಗಿಲಿಗೇ ಅಂಟಿಸಲಿ. ನೋಟಿಸ್ ಬೋರ್ಡಿನಲ್ಲಿ ಜಾಗ ಬೇಕಾದಷ್ಟಿದೆ, ಹೋದ ವರ್ಷದ ಸುತ್ತೋಲೆ ಕಿತ್ತರೆ ಆಯಿತು.

ಅದೇ ಬಾಗಿಲಿನಲ್ಲಿ ಇನ್ನೊಂದು ಬೋರ್ಡ್ ಬೇಕು. ಒಳಗೆ ಏನೇನು ಸಿಗುತ್ತದೆ ಅಂತ. ಸದಸ್ಯರಾಗಲು ಏನು ತರಬೇಕು, ಮನೆಗೆ ಎಷ್ಟು ಪುಸ್ತಕ ಒಯ್ಯಬಹುದು, ಸದಸ್ಯರಲ್ಲದವರೂ ಕುಳಿತು ಓದಬಹುದಾ, ಕಂಪ್ಯೂಟರ್ ಯಾರು ಬಳಸಬಹುದು, ಮಕ್ಕಳ ಕಾರ್ಯಕ್ರಮ ಯಾವಾಗ. ನಮ್ಮ ಗ್ರಂಥಾಲಯದ ಹೊರಗಿರುವ ಬೋರ್ಡಿನಲ್ಲಿ ಮಂತ್ರಿಗಳ ಹೆಸರಿದೆ, ಶಾಸಕರ ಹೆಸರಿದೆ, ಕಟ್ಟಡ ಉದ್ಘಾಟನೆ ಆದ ದಿನಾಂಕ ಇದೆ. ಓದುವವರಿಗೆ ಬೇಕಾದ ಒಂದು ಸಾಲೂ ಇಲ್ಲ. ಬಾಡಿಗೆ ಮನೆಯವರು ಪಾಪ ವಿಳಾಸದ ದಾಖಲೆ ಕೇಳಿಯಾರು ಅಂತ ಹೆದರಿ ಒಳಗೇ ಬರುವುದಿಲ್ಲ. ಸುಮ್ನೆ ಒಳಗೆ ಬಂದು ಓದಲು ಯಾವ ದಾಖಲೆಯೂ ಬೇಡ ಅಂತ ಅವರಿಗೆ ಯಾರೂ ಹೇಳಿಲ್ಲ.

ಕೊನೆಯದಾಗಿ ನಿಮ್ಮನ್ನೇ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 'ನಗರದಲ್ಲಿ ಇಂದು' ಅಂತ ದಿನಾ ಬರುವ ಪಟ್ಟಿಯಲ್ಲಿ ಸನ್ಮಾನ, ಪುಸ್ತಕ ಬಿಡುಗಡೆ, ಹರಿಕಥೆ, ರಾಜಕೀಯ ಸಭೆ ಎಲ್ಲ ಇರುತ್ತದೆ. ಅದರಲ್ಲಿ ಗ್ರಂಥಾಲಯಗಳಿಗೂ ಎರಡು ಸಾಲು ಜಾಗ ಕೊಡಿ. ಭಾನುವಾರ ಯಾವ ಶಾಖೆಯಲ್ಲಿ ಮಕ್ಕಳಿಗೆ ಕಥೆ ಇದೆ, ಯಾವ ಅರಿವು ಕೇಂದ್ರದಲ್ಲಿ ಬೇಸಿಗೆ ಶಿಬಿರ ಇದೆ, ಯಾವತ್ತು ರಜೆ, ಇಷ್ಟೇ. ನವೆಂಬರ್ 14ರಿಂದ ಒಂದು ವಾರ ಗ್ರಂಥಾಲಯ ಸಪ್ತಾಹ ಬರುತ್ತದಲ್ಲ, ಆ ಹೊತ್ತಿಗಾದರೂ ನಿಮ್ಮ ಜಿಲ್ಲಾ ವರದಿಗಾರರನ್ನು ಸಂಜೆ ಏಳು ಗಂಟೆಗೆ ತಮ್ಮ ತಮ್ಮ ಊರಿನ ಗ್ರಂಥಾಲಯಕ್ಕೆ ಹೇಳದೆ ಕೇಳದೆ ಕಳಿಸಿ. ಎಷ್ಟು ಕಡೆ ತೆರೆದಿತ್ತು, ಎಷ್ಟು ಕಡೆ ಬೀಗ ಇತ್ತು ಅಂತ ಊರಿನ ಹೆಸರು ಸಮೇತ ಪ್ರಕಟಿಸಿ.

ಇತಿ,
ಗ್ರಂಥಾಲಯ ಕರ ಕಟ್ಟುವ ಒಬ್ಬ ಓದುಗ