ಮಗನ ಕಾಲು ಬೆಚ್ಚಗಾದ ಹೊತ್ತು

ನಿನ್ನೆ ಮಗ ಮತ್ತೆ ಅಂಗಳದಲ್ಲಿ ಕ್ರಿಕೆಟ್ ಆಡಿದ. ಚೆಂಡು ಹಂಚಿನ ರಾಶಿಯತ್ತ ಉರುಳಿದಾಗ ಮಾತ್ರ ನಿಂತಲ್ಲೇ ನಿಂತು ನನ್ನ ಮುಖ ನೋಡಿದ. ನಾನೇ ಹೋಗಿ ತಂದುಕೊಟ್ಟೆ, ಕೋಲು ಹಿಡಿದುಕೊಂಡು. ಅವನಿಗೆ ಚೇಳು ಕಡಿದಾಗಿನಿಂದ, ಈ ಹದಿನೈದು ದಿನ ಫೋನ್ ಮಾಡಿ, ಮನೆಗೆ ಬಂದು ವಿಚಾರಿಸಿದವರಿಗೆಲ್ಲ ಒಟ್ಟಿಗೇ ಹೇಳುತ್ತಿದ್ದೇನೆ: ಹುಷಾರಾಗಿದ್ದಾನೆ.

ಮಳೆಗಾಲಕ್ಕೆ ಮೊದಲು ಮಾಡು ಸರಿಮಾಡಲೆಂದು ಹಳೇ ಹಂಚು ಇಳಿಸಿ ಪೇರಿಸಿದ್ದೆವು. ಅಲ್ಲಿದ್ದ ಕೆಂಪು ಚೇಳು ಪಾದಕ್ಕೆ ಹೊಡೆದಾಗ ಅವನು ಅಷ್ಟೇನೂ ಅಳಲಿಲ್ಲ. ನಾವು ಮೋಸಹೋಗಿದ್ದು ಅಲ್ಲೇ. ಅರ್ಧ ಗಂಟೆಯಲ್ಲಿ ಎರಡು ಸಲ ವಾಂತಿ, ಅಂಗಿ ಹಿಂಡುವಷ್ಟು ಬೆವರು, ಎದೆ ಡವಡವ. ಕಾಲು ಮುಟ್ಟಿದರೆ ಐಸಿನಿಂದ ತೆಗೆದ ಬಂಗಡೆ. ಬಿಪಿ ಏರಿರಬೇಕೆಂದು ನಾನು ಅಮ್ಮನ ಡಬ್ಬಿಯಿಂದ ಅವಳ ಬಿಪಿ ಮಾತ್ರೆ ಅಟೆನೊಲಾಲ್ ತೆಗೆದು ಮುರಿದೂ ಆಗಿತ್ತು. ಪಕ್ಕದ ಮನೆಯ ಅಕ್ಕ ಕೈ ಹಿಡಿದಳು. "ಹುಚ್ಚು ಹಿಡೀತಾ ನಿಂಗೆ? ಗಾಡಿ ನೋಡು ಮೊದ್ಲು." ಅವಳಿಗೆ ಮೊದಲ ನಮಸ್ಕಾರ. ಅಮದಳ್ಳಿಯಿಂದ ಬಿಣಗಾ ದಾಟಿ ಕಾರವಾರ ಮುಟ್ಟಿಸಿದ ಮೀನಿನ ಟೆಂಪೊ ಹುಡುಗನಿಗೆ ಎರಡನೆಯದು. ಡೀಸೆಲ್ ದುಡ್ಡೂ ಮುಟ್ಟಲಿಲ್ಲ ಪುಣ್ಯಾತ್ಮ.

ಡಾಕ್ಟರು ಮೊದಲು ಕಾಲು ಮುಟ್ಟಿ ನೋಡಿದರು, ಬಿಪಿ ಪಟ್ಟಿ ಕಟ್ಟಿದ್ದು ಆಮೇಲೆ. ಪ್ರಾಜೋಸಿನ್, ಅರ್ಧ ಮಾತ್ರೆ. ಇಷ್ಟೇನಾ ಎಂದು ನಾನು ಜಗಳಕ್ಕೇ ನಿಂತೆ. ವಿಷನಿರೋಧಕ ಚುಚ್ಚುಮದ್ದೂ ಬಂತು, ಆದರೆ ಅದಕ್ಕಾಗಿ ಮಾತ್ರೆಯನ್ನು ತಡಮಾಡಲಿಲ್ಲ. ರಾತ್ರಿ ಬಿಡುವಾದಾಗ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಈ ವಿಷ ನರಗಳಲ್ಲಿ ಸೋಡಿಯಂ ಒಳಬಿಡುವ ಬಾಗಿಲು ಮುಚ್ಚಗೊಡುವುದಿಲ್ಲ. ಹೆದರಿದಾಗ ನಮ್ಮನ್ನು ಓಡಿಸುವ ಸಿಂಪಥೆಟಿಕ್ ನರವ್ಯೂಹ ಆಗ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎಂಬ ಹಾರ್ಮೋನು ಸುರಿಯುತ್ತಲೇ ಇರುತ್ತದೆ. ರಕ್ತನಾಳದಲ್ಲಿ ಅದರ ಸಂಕೇತ ಹಿಡಿಯುವ ಆಲ್ಫಾ ಗ್ರಾಹಕಗಳಿಗೆ ಅದು ತಾಗಿದಂತೆ ನಾಳ ಬಿಗಿಯುತ್ತದೆ. ಕಾಲು ತಣ್ಣಗಾಗಿದ್ದು ಅದಕ್ಕೆ. ಆ ಬಿಗಿತದ ಎದುರು ತಳ್ಳಿ ತಳ್ಳಿ ಹೃದಯ ಸೋತರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಪ್ರಾಜೋಸಿನ್ ಹೋಗಿ ಆಲ್ಫಾ-1 ಗ್ರಾಹಕದ ಮೇಲೆ ಕೂರುತ್ತದೆ, ಅಡ್ರಿನಲಿನ್‌ಗೆ ಜಾಗ ಸಿಗುವುದಿಲ್ಲ, ನಾಳ ಸಡಿಲುತ್ತದೆ. ಅಮ್ಮನ ಅಟೆನೊಲಾಲೋ, ಹೃದಯದ ಬೀಟಾ ಗ್ರಾಹಕ ತಡೆಯುವಂಥದ್ದು. ನಾಳದ ಬಿಗಿತ ಇದ್ದಂತೇ ಇದ್ದು ತಳ್ಳುವ ಕಸುವಷ್ಟೇ ತಗ್ಗುತ್ತಿತ್ತು. ಇದನ್ನು ಕೇಳುವಾಗ ಆ ಮುರಿದ ಚೂರು ಇನ್ನೂ ನನ್ನ ಜೇಬಿನಲ್ಲಿತ್ತು.

ಬಿಪಿಗೆಂದಿದ್ದ ಪ್ರಾಜೋಸಿನ್ನನ್ನು ಚೇಳು ಕಡಿದವರಿಗೆ ಕೊಟ್ಟು, ಅದು ಕೆಲಸ ಮಾಡುವುದನ್ನು 1986ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದವರು ಡಾ. ಹಿಮ್ಮತರಾವ್ ಬಾವಸ್ಕರ್. ದೂರದವರೇನಲ್ಲ, ಇದೇ ಕೊಂಕಣ ಪಟ್ಟಿಯಲ್ಲಿ ನಮ್ಮಿಂದ ಬಡಗಣಕ್ಕಿರುವ ಮಹಾರಾಷ್ಟ್ರದ ಮಹಾಡದಲ್ಲಿ ವೈದ್ಯಕೀಯ ಮಾಡಿದವರು. 2022ರಲ್ಲಿ ಪದ್ಮಶ್ರೀ ಬಂದಾಗ ಆ ಸುದ್ದಿ ನಾನು ಗಮನಿಸಿರಲೂ ಇಲ್ಲ. ಸರ್, ತಡವಾಗಿ, ಅಮದಳ್ಳಿಯಿಂದ ಒಂದು ನಮಸ್ಕಾರ.

ಇನ್ನು ರಾತ್ರಿ ಪಾಳಿಯ ನರ್ಸಮ್ಮ. ಈ ಮಾತ್ರೆ ತಗೊಂಡು ಎದ್ದು ನಿಂತರೆ ಬಿಪಿ ದಡಕ್ಕನೆ ಇಳಿಯಬಹುದಂತೆ. ಬಾತ್‌ರೂಮಿಗೆ ಹೋಗುತ್ತೇನೆಂದು ಹಟಹಿಡಿದವನನ್ನು ಗದರಿಸಿ ಮಲಗಿಸಿದರು, ಪಾತ್ರೆ ತಂದುಕೊಟ್ಟರು. ಮೂರು ಗಂಟೆಗೊಮ್ಮೆ ಅರ್ಧರ್ಧ ಮಾತ್ರೆ, ಪ್ರತಿಸಲವೂ ಮೊದಲು ಪಾದ ಮುಟ್ಟಿ ನೋಡುವುದು. ಬೆಳಗಿನ ಜಾವ ನನ್ನ ಕೈ ಎಳೆದು ಅವನ ಅಂಗಾಲಿನ ಮೇಲಿಟ್ಟು, "ಈಗ ನೋಡಿ" ಎಂದರು. ಬೆವರು ಆರಿತ್ತು, ಬೆಚ್ಚಗಿತ್ತು. ಕಚಗುಳಿಯಾಗಿ ಕಾಲೆಳೆದುಕೊಂಡ.