ಗೋಡೆಗೆ ಬೆನ್ನು ಕೊಟ್ಟ ಏಳು ಕುರ್ಚಿಗಳು

ಯೂನಿಫಾರ್ಮ್ ಬಿಚ್ಚಿಟ್ಟು ಈ ವಾರಕ್ಕೆ 3 ವರ್ಷ ತುಂಬಿತು. 22 ವರ್ಷ ಸೇನೆಯಲ್ಲಿ ಕಳೆದವನಿಗೆ ಈ 3 ವರ್ಷ ಯಾವ ಲೆಕ್ಕ ಅಂತ ಯಾರಾದರೂ ಕೇಳಬಹುದು. ನಿಜ ಹೇಳಬೇಕೆಂದರೆ ಆ 22ಕ್ಕಿಂತ ಈ ಮೂರೇ ನನಗೆ ಜಾಸ್ತಿ ಭಾರವಾಗಿದ್ದವು. ಕೈ ಹಿಡಿದು ದಾಟಿಸಿದವರು ಇದ್ದಾರೆ. ಅವರ ಎದುರಿಗೆ ನಿಂತು ಹೇಳೋಣ ಅಂದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕುರ್ಚಿಗಳ ವಿಷಯ ಹೇಳಿಬಿಡುತ್ತೇನೆ.

ಸೇನೆ ಬಿಟ್ಟು ಬಂದ ಕೆಲವರು ಸೇರಿ ಒಂದು ಗುಂಪು ಮಾಡುತ್ತಿದ್ದಾರೆ, ಭಾನುವಾರ ಬೆಳಿಗ್ಗೆ ಮೊದಲ ಭೇಟಿ, ಸುಮ್ನೆ ಒಂದು ಸಲ ಹೋಗಿಬನ್ನಿ ಅಂತ ನನ್ನ ಆಪ್ತಸಮಾಲೋಚಕಿ ಹೇಳಿದ್ದರು. ನನಗೆ ಮನಸ್ಸಿರಲಿಲ್ಲ. ಹೆಂಡತಿಯ ಮುಖ ನೋಡಿ ಹೊರಟೆ. ಅದೊಂದು ಸಣ್ಣ ಕೋಣೆ. ನಡುವೆ ದುಂಡನೆಯ ಮೇಜು, ಸುತ್ತ ಏಳು ಕುರ್ಚಿ. 15 ನಿಮಿಷ ಮುಂಚೆ ಹೋಗಿದ್ದೆ. ಉಳಿದ ಆರೂ ಜನ ಅಷ್ಟೊತ್ತಿಗಾಗಲೇ ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ಒಳಗೆ ಬಂದೆವು. ಯಾರೂ ಕೂರಲಿಲ್ಲ. ಬಾಗಿಲು ಕಾಣಬೇಕು, ಬೆನ್ನ ಹಿಂದೆ ಗೋಡೆಯೂ ಇರಬೇಕು. ಅಂಥ ಕುರ್ಚಿ ಅಲ್ಲಿದ್ದದ್ದು ಎರಡೇ. ಏಳೂ ಜನರ ಕಣ್ಣು ಆ ಎರಡರ ಮೇಲೇ ಇತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನೌಕಾಪಡೆಯಲ್ಲಿದ್ದ ಅಣ್ಣ ಒಂದು ಕುರ್ಚಿ ಎತ್ತಿಕೊಂಡು ಹೋಗಿ ಗೋಡೆಗೆ ಒತ್ತಿ ಇಟ್ಟರು. ಅದರ ಪಕ್ಕಕ್ಕೆ ಆರ್ಟಿಲರಿಯವರು, ಅಂದರೆ ಫಿರಂಗಿ ದಳದಲ್ಲಿದ್ದವರು, ಇನ್ನೊಂದು ತಂದರು. ನೋಡನೋಡುತ್ತಿದ್ದಂತೆ ಏಳೂ ಕುರ್ಚಿ ಒಂದೇ ಸಾಲಿಗೆ ಬಂದವು. ಸಾಲು ಸೊಟ್ಟಗಿದೆ ಅಂತ ಒಬ್ಬರು ಕಾಲಲ್ಲಿ ತಳ್ಳಿ ನೇರ ಮಾಡಿದರು. ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ ಏಳು ಜನ ಕೂತೆವು. ಎದುರಿಗೆ ಖಾಲಿ ಮೇಜು. ಆಗ ಕೊನೆಯಲ್ಲಿ ಕೂತಿದ್ದ ಸಿಗ್ನಲ್ಸ್ ಸಾಬ್ (ಸೇನೆಯ ಸಂಪರ್ಕ ದಳದಲ್ಲಿದ್ದವರು) ಮೆಲ್ಲಗೆ ಕೇಳಿದರು: "ಬಸ್ ಎಷ್ಟು ಗಂಟೆಗೆ ಬರುತ್ತಂತೆ?"

ಅಷ್ಟೇ ಸಾಕಾಯಿತು. ನಗು ಶುರುವಾದದ್ದು ನಿಲ್ಲಲೇ ಇಲ್ಲ. ನಾನು ಹಾಗೆ ನಕ್ಕು ಒಂದೂವರೆ ವರ್ಷ ಆಗಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಷ್ಟೂ ಬಂತು. ಬೇರೆ ಎಲ್ಲಿ ಹೋದರೂ ನಾನು ಕುರ್ಚಿ ಹುಡುಕುವುದನ್ನು ಜನ ಒಂಥರಾ ನೋಡುತ್ತಿದ್ದರು. ಇಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ಸಾಲು ಇವತ್ತಿಗೂ ಹಾಗೇ ಇದೆ. ಮೇಜನ್ನು ಮಾತ್ರ ಹೊರಗೆ ಹಾಕಿದ್ದೇವೆ.

ಅದಕ್ಕೂ ಮುಂಚಿನ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಿದ್ದೆ ಇರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ತಾನೇ ಎಚ್ಚರವಾಗಿ ಕಿಟಕಿ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಸೇನೆಯಲ್ಲಿ ಇದಕ್ಕೆ ಸ್ಟ್ಯಾಂಡ್-ಟು ಅನ್ನುತ್ತಾರೆ. ಬೆಳಕು ಹರಿಯುವ ಹೊತ್ತು, ಕತ್ತಲಾಗುವ ಹೊತ್ತು, ಈ ಎರಡರಲ್ಲೇ ದಾಳಿ ಆಗುವುದು ಹೆಚ್ಚು ಅಂತ ಎಲ್ಲರೂ ಆಯುಧ ಹಿಡಿದು ತಯಾರಾಗಿ ನಿಲ್ಲುವ ರೂಢಿ. ನಮ್ಮನೆ ಕಿಟಕಿ ಹೊರಗೆ ಪಕ್ಕದವರ ಬಟ್ಟೆ ಒಣಗುತ್ತಿತ್ತು. ನಾನು ಅದನ್ನೇ ಕಾಯುತ್ತಾ ನಿಲ್ಲುತ್ತಿದ್ದೆ. ಹಿಂದೆ ಬಾಗಿಲಲ್ಲಿ ಹೆಂಡತಿ ನಿಂತಿರುತ್ತಿದ್ದಳು ಅನ್ನೋದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಅವಳಿಗೆ ಮೊದಲ ಕೃತಜ್ಞತೆ. ನಾನು ಬಂದ ಹೊಸದರಲ್ಲಿ ಮನೆಯಲ್ಲಿ ಕಂಡಿದ್ದಕ್ಕೆಲ್ಲ ತಪ್ಪು ಹೇಳುತ್ತಿದ್ದೆ. ಚಪ್ಪಲಿ ಸಾಲಾಗಿಲ್ಲ, ಬೀಗದ ಕೈ ಜಾಗದಲ್ಲಿಲ್ಲ. ಒಂದು ವಾರ ಸುಮ್ಮನಿದ್ದಳು. ಆಮೇಲೆ ಒಂದು ರಾತ್ರಿ ಎದುರಿಗೆ ಕೂತು ಹೇಳಿದಳು: "ರೀ, ಇಷ್ಟು ವರ್ಷ ಈ ಪೋಸ್ಟ್ ನಾನೊಬ್ಬಳೇ ಕಾದಿದ್ದೀನಿ. ಚಾರ್ಜ್ ತಗೋಬೇಕು ಅಂತಿದ್ರೆ ಕ್ರಮವಾಗಿ ಹ್ಯಾಂಡಿಂಗ್-ಟೇಕಿಂಗ್ ಆಗ್ಲಿ." ಸೇನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಪಟ್ಟಿ ಸಮೇತ ಜವಾಬ್ದಾರಿ ಒಪ್ಪಿಸುವುದಕ್ಕೆ ಹಾಗನ್ನುತ್ತಾರೆ. ಮರುದಿನ ಒಂದು ನೋಟ್‌ಬುಕ್ ತಂದು ಕೈಗಿಟ್ಟಳು. ಮಗಳ ಫೀಸಿನ ತಾರೀಖು, ಯಾವ ನಲ್ಲಿ ಸೋರುತ್ತದೆ, ಯಾವ ಸ್ವಿಚ್ ಮುಟ್ಟಬಾರದು, ಅಮ್ಮನ ಮಾತ್ರೆಯ ಹೊತ್ತು, ಎಲ್ಲ ಸಾಲಾಗಿ ಬರೆದಿದ್ದಳು. ಕೊನೆಯ ಸಾಲಿನಲ್ಲಿ ಹೀಗಿತ್ತು: "ಮಗಳು: ಒಬ್ಬಳು. ಸುಸ್ಥಿತಿಯಲ್ಲಿದ್ದಾಳೆ. ಗಟ್ಟಿ ದನಿಗೆ ಹೆದರುತ್ತಾಳೆ." ಕೆಳಗೆ ಇಬ್ಬರ ಸಹಿಗೂ ಜಾಗ. ಓದಿ ನಕ್ಕೆ. ಕೊನೆಯ ಸಾಲನ್ನು ಮತ್ತೆ ಓದಿದೆ, ಆಗ ನಗು ನಿಂತಿತು. ಸಹಿ ಹಾಕಿದೆ. ಬಯ್ದು ಹೇಳಬಹುದಿತ್ತು, ಅತ್ತು ಹೇಳಬಹುದಿತ್ತು. ನನಗೆ ತಿಳಿಯುವ ಭಾಷೆ ಹುಡುಕಿ ಹೇಳಿದಳು. ಆ ನೋಟ್‌ಬುಕ್ ಈಗ ನನ್ನ ಕಬ್ಬಿಣದ ಟ್ರಂಕಿನಲ್ಲಿ ಮೆಡಲ್‌ಗಳ ಜೊತೆಗಿದೆ.

ಕೆಲಸದ ಜಾಗದಲ್ಲಿ ನನ್ನ ಮೇಲಿನವರು ನನಗಿಂತ 17 ವರ್ಷ ಚಿಕ್ಕವರು. "ಆದಷ್ಟು ಬೇಗ ಮಾಡಿ ಸರ್" ಅನ್ನುವವರು. ಸೇನೆಯಲ್ಲಿ ಆ ಮಾತಿಗೆ ಈಗಲೇ ಅಂತ ಅರ್ಥ. ಇವರು ಹೇಳುತ್ತಿದ್ದದ್ದು ಈ ವಾರದಲ್ಲಿ ಯಾವಾಗಲಾದರೂ ಅಂತ. ನಾನು ಊಟ ಬಿಟ್ಟು ಮುಗಿಸಿ ತಂದು ನಿಲ್ಲುತ್ತಿದ್ದೆ. ಬೇರೆಯವರು ತಡ ಮಾಡಿದರೆ ಒಳಗೇ ಕುದಿಯುತ್ತಿದ್ದೆ. ಅದನ್ನು ಗಮನಿಸಿದ ಅವರು ಒಂದು ದಿನ ಹೇಳಿದರು, "ಇನ್ಮೇಲೆ ನಿಮಗೆ ಗಂಟೆ ಸಮೇತ ಹೇಳ್ತೀನಿ ಸರ್. 15:30ಕ್ಕೆ ಅಂದ್ರೆ 15:30ಕ್ಕೆ." ಈಗ ಇಡೀ ತಂಡವೇ 24 ಗಂಟೆಯ ಲೆಕ್ಕದಲ್ಲಿ ಮಾತಾಡುತ್ತದೆ. ಅವರಿಗೂ ನನ್ನ ನಮಸ್ಕಾರ.

ಆಪ್ತಸಮಾಲೋಚಕಿಯವರು ಮಾಡಿದ್ದು ದೊಡ್ಡ ಉಪಕಾರ. ನನಗಾಗಿದ್ದಕ್ಕೆ ಪಿಟಿಎಸ್‌ಡಿ ಅಂತ ಹೆಸರು ಹೇಳಿದರು, ಅಂದರೆ ಭಯಾನಕ ಅನುಭವದ ಪೆಟ್ಟು ಮನಸ್ಸಿನಲ್ಲೇ ಉಳಿದುಬಿಡುವ ಕಾಯಿಲೆ. ಆ ಹೆಸರಿನ ಹಿಂದಿನ ಕಥೆಯನ್ನೂ ಹೇಳಿದರು. ಮೊದಲನೇ ಮಹಾಯುದ್ಧದ ಹೊತ್ತಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 'ಶೆಲ್ ಶಾಕ್' ಬಗ್ಗೆ, ಅಂದರೆ ಯುದ್ಧದ ಆಘಾತಕ್ಕೆ ಸೈನಿಕರ ಮನಸ್ಸು ಕುಸಿಯುವುದರ ಬಗ್ಗೆ, ಬರೆದರು. ಆದರೂ ಎಷ್ಟೋ ಸೈನಿಕರಿಗೆ ಹೇಡಿ ಅನ್ನುವ ಹಣೆಪಟ್ಟಿಯೇ ಸಿಕ್ಕಿತು. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದಕ್ಕೂ 10 ವರ್ಷ ಮುಂಚೆಯೇ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು ನ್ಯೂಯಾರ್ಕ್‌ನಲ್ಲಿ ಒಟ್ಟಿಗೆ ಕೂತು ಮಾತಾಡಲು ಶುರು ಮಾಡಿದ್ದರು. ರಾಬರ್ಟ್ ಜೇ ಲಿಫ್ಟನ್, ಚೈಮ್ ಶಟಾನ್ ಎಂಬ ಇಬ್ಬರು ಮನೋವೈದ್ಯರು ಅವರ ಜೊತೆ ಕೂರುತ್ತಿದ್ದರು. ಅಂದರೆ ವೈದ್ಯರ ಪುಸ್ತಕಕ್ಕೆ ಈ ಹೆಸರು ಬರುವ ಮೊದಲೇ ಸೈನಿಕರು ಮದ್ದು ಹುಡುಕಿಕೊಂಡಿದ್ದರು, ಅಲ್ವಾ? ಮನಸ್ಸಿಲ್ಲದಿದ್ದರೂ ನಾನು ಆ ಭಾನುವಾರ ಹೋಗಲು ಒಪ್ಪಿದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಗುಂಪಿನಲ್ಲಿ ಓದುವ ಹುಚ್ಚಿನವರು ಆರ್ಟಿಲರಿಯವರು. ತೋಪಿನ ಸದ್ದಿಗೆ ಅವರ ಎಡಗಿವಿ ಹೋಗಿದೆ. ಏನಾದರೂ ಗುಟ್ಟು ಹೇಳಬೇಕಾದರೆ ಬಲಕ್ಕೆ ಬರಬೇಕು. 1916ರಲ್ಲಿ ಬೆಲ್ಜಿಯಂನ ಈಪ್ರ್‌ನಲ್ಲಿ ಬ್ರಿಟಿಷ್ ಸೈನಿಕರು ಮಾಡಿದ ಕೆಲಸವನ್ನು ನಮಗೆ ಹೇಳಿದವರು ಅವರೇ. ಷೆಲ್ ಬಿದ್ದು ಹಾಳಾಗಿದ್ದ ಊರಲ್ಲಿ ಅವರಿಗೆ ಒಂದು ಮುದ್ರಣಯಂತ್ರ ಸಿಕ್ಕಿತಂತೆ. ಕ್ಯಾಪ್ಟನ್ ಫ್ರೆಡ್ ರಾಬರ್ಟ್ಸ್ ಸಂಪಾದಕರಾದರು. ಕಂದಕಗಳಲ್ಲಿ ಕೂತು ಸುಳ್ಳು ಜಾಹೀರಾತು, ತಮಾಷೆ ಪದ್ಯ ಬರೆದು ಪತ್ರಿಕೆಯನ್ನೇ ತಂದರು. ನಾಳೆ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಬರೆದ ತಮಾಷೆ ಅದು. ಆ ದಿನ ನಾವು ಬಹಳ ಹೊತ್ತು ಅದರ ಬಗ್ಗೆಯೇ ಮಾತಾಡಿದೆವು. ಗುಂಡಿನ ಸದ್ದಿನ ನಡುವೆ ನಾವೂ ಅಷ್ಟೇ ನಕ್ಕಿದ್ದೆವಲ್ಲ, ಶಾಂತಿ ಇರುವ ಊರಿಗೆ ಬಂದು ಯಾಕೆ ನಗು ಮರೆತೆವು ಅಂತ ಒಬ್ಬರು ಕೇಳಿದರು. ನೌಕಾಪಡೆಯ ಅಣ್ಣ ಹೇಳಿದರು, "ಅಲ್ಲಿ ಪಕ್ಕದಲ್ಲಿ ಯಾರಾದ್ರೂ ಇರ್ತಿದ್ರು ಕಣಯ್ಯಾ."

ಒಂದು ಸಮಾರಂಭದಲ್ಲಿ ಒಬ್ಬರು ನನ್ನನ್ನು ನಾಲ್ಕು ಜನರ ಮುಂದೆ ಕೇಳಿದ್ದರು, "ಎಷ್ಟು ಜನರನ್ನ ಹೊಡೆದಿದ್ದೀರಿ?" ಎದ್ದು ಹೊರಗೆ ಬಂದಿದ್ದೆ. ಆ ಪ್ರಶ್ನೆ ಎಷ್ಟೋ ತಿಂಗಳು ಎದೆಯೊಳಗೆ ಕೂತಿತ್ತು. ಭಾನುವಾರ ಹೇಳಿಕೊಂಡೆ. ಏಳರಲ್ಲಿ ಆರು ಜನರಿಗೆ ಆ ಪ್ರಶ್ನೆ ಬಂದಿತ್ತು. ಬಂದಿರದವರು ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಕೆಲಸದಲ್ಲಿದ್ದವರು. "ಎಷ್ಟು ಜನರನ್ನ ಉಳಿಸಿದ್ದೀರಿ ಅಂತ ನನ್ನನ್ನೂ ಯಾರೂ ಕೇಳಲಿಲ್ಲವಲ್ಲ" ಅಂದರು. ಕೋಣೆ ತಣ್ಣಗಾಯಿತು. ಆಗ ಆರ್ಟಿಲರಿಯವರು ಅವರ ಕಡೆ ತಿರುಗಿ ಕೇಳಿದರು, "ಎಷ್ಟು ಜನ?" ಅವರು ಹೇಳಲು ಶುರು ಮಾಡಿದರು. ಸಂಖ್ಯೆ ಹೇಳಲಿಲ್ಲ, ಒಬ್ಬೊಬ್ಬರ ಬಗ್ಗೆಯೇ ಹೇಳಿದರು. ಆ ಭಾನುವಾರ ನಾವು ಮನೆ ಸೇರಿದಾಗ ಮಧ್ಯಾಹ್ನ ಕಳೆದಿತ್ತು.

ಈಗ ಆ ಗುಡುಗಿನ ರಾತ್ರಿಯ ವಿಷಯ. ಇದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ.

ಕಳೆದ ವರ್ಷ ಒಂದು ರಾತ್ರಿ ಗುಡುಗು ಒಂದರ ಮೇಲೊಂದು ಬಿತ್ತು. ಗುಡುಗು ಅಂತ ತಲೆಗೆ ಗೊತ್ತು. ಮೈಗೆ ಗೊತ್ತಿಲ್ಲ. ಬಚ್ಚಲುಮನೆಯ ನೆಲದ ಮೇಲೆ ಕೂತಿದ್ದೆ. ಕೈ ನಡುಗುತ್ತಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅಮ್ಮನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಸಿಗ್ನಲ್ಸ್ ಸಾಬ್ ನಂಬರ್ ಒತ್ತಿದೆ. ಮೊದಲ ರಿಂಗಿಗೇ ಎತ್ತಿದರು. ನನಗೆ ಮಾತು ಹೊರಡಲಿಲ್ಲ. ಅವರೂ ಏನಾಯಿತು ಅಂತ ಕೇಳಲಿಲ್ಲ.

"ಟೈಮ್ ಎಷ್ಟೀಗ?" ಅಂದರು.

"ಎರಡೂ ಹತ್ತು, ಸಾಬ್."

"ಎರಡರಿಂದ ನಾಲ್ಕು ನನ್ನ ಪಹರೆ ಕಣೋ. ನನ್ನ ಡ್ಯೂಟಿ ನೀನ್ಯಾಕೆ ಮಾಡ್ತಿದ್ದೀಯ? ಹೋಗು, ಮಲಗು. ನಾನಿದ್ದೀನಿ."

ಪಹರೆಗೆ ನಿಂತವರಿಗೆ ಈ ಮಾತಿನ ಬೆಲೆ ಗೊತ್ತು. ಎರಡು ಗಂಟೆ ಕತ್ತಲಲ್ಲಿ ಒಬ್ಬನೇ ನಿಂತಿರುತ್ತೀರಿ. ಕಾಲು ಮರಗಟ್ಟಿರುತ್ತದೆ. ಹಿಂದಿನಿಂದ ಬೂಟಿನ ಸದ್ದು ಕೇಳುತ್ತದೆ, ಬದಲಿ ಬಂದಿರುತ್ತಾನೆ. ಅಷ್ಟು ಸುಖದ ಸದ್ದು ಬೇರೆ ಇಲ್ಲ. ಆ ರಾತ್ರಿ ಫೋನಿನಲ್ಲಿ ನನಗೆ ಆ ಸದ್ದೇ ಕೇಳಿಸಿತು. ನಗು ಬಂತು, ಜೊತೆಗೆ ಅಳುವೂ ಬಂತು. ಎದ್ದು ಹೋಗಿ ಹಾಸಿಗೆಯಲ್ಲಿ ಬಿದ್ದೆ. ಫೋನ್ ಕಿವಿಯ ಹತ್ತಿರವೇ ಇತ್ತು, ಅವರು ಕಟ್ ಮಾಡಲಿಲ್ಲ. ಎಚ್ಚರವಾದಾಗ ಮೆಸೇಜ್ ಒಂದು ಬಂದಿತ್ತು. ನಾಲ್ಕು ಗಂಟೆಗೆ ಸರಿಯಾಗಿ ಕಳಿಸಿದ್ದರು: "ಪಹರೆ ಮುಗಿಯಿತು. ಎಲ್ಲ ಕ್ಷೇಮ." ನಾನು ಅದನ್ನು ನೋಡಿದ್ದು ಆರೂವರೆಗೆ. ಸ್ಟ್ಯಾಂಡ್-ಟು ಹೊತ್ತು ಕಳೆದು ಎರಡು ಗಂಟೆ ಆಗಿತ್ತು. ನಾನು ನಿದ್ದೆಯಲ್ಲೇ ಇದ್ದೆ.

ಸಾಬ್, ಅವತ್ತು ನೀವು ನಿಜವಾಗಿ ನಾಲ್ಕರವರೆಗೆ ಎದ್ದೇ ಇದ್ದಿರಿ ಅಂತ ಆಮೇಲೆ ನಿಮ್ಮ ಮನೆಯವರಿಂದ ಗೊತ್ತಾಯಿತು. ಕುರ್ಚಿ ಹಾಕಿಕೊಂಡು ಹೊರಗೆ ಕೂತಿದ್ದಿರಂತೆ. ಇದಕ್ಕೆ ಥ್ಯಾಂಕ್ಸ್ ಅನ್ನೋದು ಸಣ್ಣ ಮಾತು. ಬೇರೆ ಮಾತು ನನ್ನ ಹತ್ತಿರ ಇಲ್ಲ.

ಅದಾದ ಭಾನುವಾರವೇ ನಾವು ಡ್ಯೂಟಿ ಪಟ್ಟಿ ಮಾಡಿದೆವು. ಏಳು ಜನ, ವಾರದಲ್ಲಿ ಏಳು ರಾತ್ರಿ. ಯಾರ ರಾತ್ರಿಯೋ ಅವರ ಫೋನ್ ಆನ್ ಇರಬೇಕು, ಸೈಲೆಂಟ್ ಇರಬಾರದು. ಪಟ್ಟಿಯನ್ನು ನನ್ನ ಮಗಳು ಬಣ್ಣದ ಪೆನ್ನಲ್ಲಿ ಬರೆದುಕೊಟ್ಟಳು. ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಚಿತ್ರ. ನೌಕಾಪಡೆಯ ಅಣ್ಣನಿಗೆ ಹಡಗು, ಆರ್ಟಿಲರಿಯವರಿಗೆ ದೊಡ್ಡದೊಂದು ಕಿವಿ. ಅವರು ಆ ಕಿವಿಯನ್ನು ನೋಡಿ ನಕ್ಕದ್ದು ರಸ್ತೆಗೆ ಕೇಳಿಸಿರಬೇಕು. ಗಟ್ಟಿ ದನಿಗೆ ಹೆದರುತ್ತಿದ್ದ ನನ್ನ ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳೂ ನಗುತ್ತಿದ್ದಳು.

ಕಳೆದ ತಿಂಗಳು ಎಂಟನೆಯವನು ಬಂದ. ಸೇನೆ ಬಿಟ್ಟು ಇನ್ನೂ ಐದು ತಿಂಗಳು. ಬಾಗಿಲಲ್ಲೇ ನಿಂತು ಕೋಣೆಯನ್ನೆಲ್ಲ ಕಣ್ಣಲ್ಲೇ ಅಳೆದ. ನೌಕಾಪಡೆಯ ಅಣ್ಣ ಎದ್ದು ಹೋಗಿ ಒಂದು ಕುರ್ಚಿ ತಂದು ಸಾಲಿನ ಕೊನೆಯಲ್ಲಿ ಗೋಡೆಗೆ ಒತ್ತಿ ಇಟ್ಟರು. ಅವನು ಬಂದು ಕೂತ. ಭುಜ ಇಷ್ಟೇ ಇಷ್ಟು ಇಳಿದದ್ದನ್ನು ನಾನು ನೋಡಿದೆ.

ಇವತ್ತು ಗುರುವಾರ. ರಾತ್ರಿ ಪಾಳಿ ನನ್ನದು. ಅವನಿಗೆ ನಂಬರ್ ಕೊಟ್ಟಿದ್ದೇನೆ. ಹೊರಗೆ ಮೋಡ ಕಟ್ಟಿದೆ. ಫೋನ್ ಚಾರ್ಜ್ ಆಗುತ್ತಿದೆ, ಸೌಂಡ್ ಪೂರ್ತಿ ಏರಿಸಿ ತಲೆದಿಂಬಿನ ಪಕ್ಕ ಇಟ್ಟಿದ್ದೇನೆ.