ಸೀಸದ ಆಕಳಿನ ಋಣ

ಮೊನ್ನೆ ನೇಮಕಾತಿ ಪತ್ರ ಕೈಸೇರಿತು. ನನ್ನ ಹೆಸರಿನ ಕೆಳಗೆ ‘ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್’ ಎಂದು ಅಚ್ಚಾಗಿದ್ದುದನ್ನು ಅಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದ. ಓದಿ, “ಇದನ್ನು ಊರಿನವರಿಗೆ ಏನೆಂದು ಹೇಳಲಿ?” ಎಂದು ಕೇಳಿದ. ನಾಲ್ಕು ವರ್ಷಗಳಿಂದ ನಾನೂ ಇದಕ್ಕೇ ಉತ್ತರ ಹುಡುಕುತ್ತಿದ್ದೇನೆ. ಹಾನಗಲ್ ತಾಲ್ಲೂಕಿನ ನಮ್ಮ ಊರಿನಲ್ಲಿ ಕೆಲವರಿಗೆ ನಾನು ನರ್ಸ್, ಕೆಲವರಿಗೆ ಎಕ್ಸ್‌ರೇ ತೆಗೆಯುವವಳು. ‘ನ್ಯೂಕ್ಲಿಯರ್’ ಎಂಬುದನ್ನಷ್ಟೇ ಕಿವಿಗೆ ಹಾಕಿಕೊಂಡ ದೊಡ್ಡಪ್ಪ, ನನಗೆ ಕೈಗಾದಲ್ಲಿ ಕೆಲಸವಾಗಿದೆ ಎಂದು ಸಂತೆಯ ತುಂಬ ಹೇಳಿ ಬಂದಿದ್ದಾನೆ. ಅವನದೇನೂ ತಪ್ಪಲ್ಲ. 2021ರಲ್ಲಿ ಈ ಕೋರ್ಸಿಗೆ ಅರ್ಜಿ ಹಾಕುವಾಗ ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ವೈದ್ಯಕೀಯ ಸೀಟು ಸಿಗಲಿಲ್ಲ, ನರ್ಸಿಂಗ್‌ಗೆ ಮನಸ್ಸಿರಲಿಲ್ಲ, ಪಟ್ಟಿಯಲ್ಲಿ ಎಲ್ಲೋ ಕೆಳಗೆ ಈ ಹೆಸರಿತ್ತು.

ಈಗ ಮೂರು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಎರಡೂ ಮುಗಿದಿವೆ. ಕೃತಜ್ಞತೆ ಹೇಳಬೇಕಾದವರು ಬಹಳ ಮಂದಿ. ಎದುರಿಗೆ ಹೇಳಲು ಹೋದರೆ ನಮ್ಮ ಕಡೆಯವರು “ಇರಲಿ ಬಿಡು, ಊಟ ಆಯಿತೇ?” ಎಂದು ಮಾತು ತಿರುಗಿಸಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷದ ಭೌತಶಾಸ್ತ್ರದಲ್ಲಿ ನಾನು ಫೇಲಾದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಎಂಬ ನೆಪ ಹೇಳಬಹುದು. ನಿಜವೆಂದರೆ ವಿಕಿರಣ ಕ್ಷಯದ ಸೂತ್ರ ನನ್ನ ತಲೆಗೆ ಹತ್ತಲಿಲ್ಲ. ಅರ್ಧಾಯು ಎಂದರೆ ವಿಕಿರಣಶೀಲ ವಸ್ತು ಕ್ಷಯಿಸಿ ಅರ್ಧವಾಗಲು ಬೇಕಾದ ಸಮಯ ಎಂಬುದು ಬಾಯಿಪಾಠವಾಗಿತ್ತು. ಲೆಕ್ಕ ಕೊಟ್ಟರೆ ಪೆನ್ನು ಅಲ್ಲಿಯೇ ನಿಲ್ಲುತ್ತಿತ್ತು. ಮರುಪರೀಕ್ಷೆಯನ್ನು ಹೇಗೋ ದಾಟಿದೆ, ಅರ್ಥವಾಗಿ ಅಲ್ಲ.

ಎರಡನೆಯ ವರ್ಷದಲ್ಲಿ ನಮ್ಮನ್ನು ಹಾಟ್ ಲ್ಯಾಬಿನೊಳಗೆ ಕರೆದೊಯ್ದರು. ಸ್ಕ್ಯಾನಿಗೂ ಚಿಕಿತ್ಸೆಗೂ ರೋಗಿಗಳಿಗೆ ಕೊಡುವ ವಿಕಿರಣಶೀಲ ಔಷಧಿ ಸಿದ್ಧವಾಗುವ ಕೋಣೆ ಅದು. ಸೀಸದ ಇಟ್ಟಿಗೆಗಳ ಹಿಂದೆ ಒಂದು ಡಬ್ಬಿ ಕುಳಿತಿತ್ತು. ನಮ್ಮ ಮನೆಯ ಹಾಲಿನ ಕ್ಯಾನಿಗಿಂತ ಚಿಕ್ಕದು, ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಅದರೊಳಗೆ ಸೀಸ, ಸೀಸದೊಳಗೆ ಒಂದು ಸಣ್ಣ ನಳಿಕೆ, ನಳಿಕೆಯಲ್ಲಿ ಅಲ್ಯುಮಿನಾ ಎಂಬ ಪುಡಿಗೆ ಅಂಟಿಕೊಂಡ ವಿಕಿರಣಶೀಲ ಮಾಲಿಬ್ಡಿನಂ-99. ಅದು ತನ್ನ ಪಾಡಿಗೆ ಕ್ಷಯಿಸುತ್ತ, ಔಷಧಿಗೆ ಬೇಕಾದ ಟೆಕ್ನೀಶಿಯಂ-99ಎಂ ಆಗುತ್ತಿರುತ್ತದೆ. ಒಂದು ಕಡೆ ಸಲೈನ್ ಇಟ್ಟು, ಇನ್ನೊಂದು ಕಡೆ ಗಾಳಿ ತೆಗೆದ ವಯಲ್, ಅಂದರೆ ಔಷಧಿಯ ಪುಟ್ಟ ಬಾಟಲಿ, ಸಿಕ್ಕಿಸಿದರೆ, ಸಲೈನ್ ನಳಿಕೆಯೊಳಗಿಂದ ಹಾಯ್ದು ಟೆಕ್ನೀಶಿಯಂ ಅನ್ನು ಮಾತ್ರ ತೊಳೆದುಕೊಂಡು ಬರುತ್ತದೆ. ಮಾಲಿಬ್ಡಿನಂ ಅಲ್ಲೇ ಉಳಿದು ನಾಳೆಗೆ ಕೂಡಿಹಾಕುತ್ತದೆ. ಇದಕ್ಕೆ ಜನರೇಟರ್ ಎಂದು ಹೆಸರು. “ಆದರೆ ಈ ವೃತ್ತಿಯಲ್ಲಿರುವವರು ಇದನ್ನು ಆಕಳು ಎನ್ನುತ್ತಾರೆ, ಔಷಧಿ ತೆಗೆಯುವುದಕ್ಕೆ ಹಿಂಡುವುದು ಎನ್ನುತ್ತಾರೆ” ಎಂದು ಮೇಷ್ಟ್ರು ಹೇಳಿದಾಗ ತರಗತಿ ನಕ್ಕಿತು.

ನನಗೆ ನಗು ಬರಲಿಲ್ಲ. ಮನೆಯಲ್ಲಿ ಮೂರು ಆಕಳು ಇರುವವಳಿಗೆ ಪ್ರಶ್ನೆಗಳು ಬಂದವು. “ಒಮ್ಮೆ ಹಿಂಡಿದ ಮೇಲೆ ಮತ್ತೆ ಕೆಚ್ಚಲು ತುಂಬಲು ಎಷ್ಟು ಹೊತ್ತು ಬೇಕು ಸರ್? ದಿನ ಕಳೆದಂತೆ ಹಾಲು ಕಡಿಮೆಯಾಗುತ್ತದೆಯೇ?”

ಅವರು ಮಾರ್ಕರ್ ಕೆಳಗಿಟ್ಟು ನನ್ನನ್ನೇ ನೋಡಿದರು. ಫೇಲಾದವಳು ಇವಳೇ ಎಂಬುದು ಅವರಿಗೆ ನೆನಪಿತ್ತು. ಸಂಜೆ ಕೋಣೆಗೆ ಕರೆದು ಸೂತ್ರದ ಪುಸ್ತಕ ಮುಚ್ಚಿಸಿದರು. “ನಿಮ್ಮ ಊರಿನ ಡೈರಿಯಲ್ಲಿ ಹಾಲಿನ ಲೆಕ್ಕ ಹೇಗೆ ಬರೆಯುತ್ತಾರೋ ಹಾಗೆ ಇದರ ಲೆಕ್ಕ ಬರಿ” ಎಂದರು. ಗೆರೆ ಹಾಕಿಕೊಂಡು ಬರೆದೆ. ತಾಯಿ ಮಾಲಿಬ್ಡಿನಂ, ಅದರ ಅರ್ಧಾಯು 66 ಗಂಟೆ; ಮಗು ಟೆಕ್ನೀಶಿಯಂ, ಅದರದು 6 ಗಂಟೆ. ಹಿಂಡಿದ 23 ಗಂಟೆಗಳ ಹೊತ್ತಿಗೆ ಕೆಚ್ಚಲು ಮತ್ತೆ ತುಂಬಿರುತ್ತದೆ, ಅಂದರೆ ದಿನಕ್ಕೊಮ್ಮೆ ಹಿಂಡಬಹುದು. ಆದರೆ ತಾಯಿಯೇ ಕರಗುತ್ತಿದ್ದಾಳೆ. ಸೋಮವಾರ 100 ಸಿಕ್ಕರೆ ಮಂಗಳವಾರ 78, ಬುಧವಾರ 60, ಗುರುವಾರ 47, ಶುಕ್ರವಾರ 36ರ ಆಸುಪಾಸು. ಆಮೇಲೆ ಗೊಡ್ಡು ಬಿದ್ದ ಆಕಳು, ಹೊಸದು ಬರಬೇಕು. ಬರೆದು ಮುಗಿಸಿ ನೋಡಿದರೆ ನನ್ನನ್ನು ಒಂದು ವರ್ಷ ಅಳಿಸಿದ ಸೂತ್ರ ಡೈರಿಯ ಪಾಸ್‌ಬುಕ್ಕಿನ ಹಾಗೆ ಎದುರಿಗಿತ್ತು. ಸರ್, ಆ ಸಂಜೆಗೆ ನಿಮಗೆ ನಮಸ್ಕಾರ.

ಅವ್ವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: “ಹಾಲು ಶುದ್ಧವಾಗಿದೆಯೋ ಇಲ್ಲವೋ ಎಂದು ಯಾರು ನೋಡುತ್ತಾರೆ?” ಮುಂದಿನ ವಾರದ ಪಾಠವೇ ಅದಾಗಿತ್ತು! ಹಿಂಡಿದ್ದರಲ್ಲಿ ಮಾಲಿಬ್ಡಿನಂ ಸೋರಿ ಬಂದಿದೆಯೇ, ಅಲ್ಯುಮಿನಾ ಬೆರೆತಿದೆಯೇ ಎಂದು ಪರೀಕ್ಷಿಸದೆ ಯಾವ ರೋಗಿಗೂ ಸೂಜಿ ಚುಚ್ಚುವಂತಿಲ್ಲ. ಲ್ಯಾಕ್ಟೋಮೀಟರ್ ಹಿಡಿದು ನಿಲ್ಲುವ ನಮ್ಮ ಡೈರಿಯ ಕಾರ್ಯದರ್ಶಿ ಕೂಡ ಇಷ್ಟು ಕಟ್ಟುನಿಟ್ಟಲ್ಲ.

ಅವ್ವನ ಋಣ ಇದೊಂದೇ ಅಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಿಲ್ಲು ನಾಲ್ಕು ವರ್ಷ ಮನೆಯೊಳಗೆ ಕಾಲಿಡಲಿಲ್ಲ, ನೇರವಾಗಿ ನನ್ನ ಹಾಸ್ಟೆಲಿಗೆ ಹೋಯಿತು. ಶೈಕ್ಷಣಿಕ ಸಾಲಕ್ಕೆ ಅಲೆದದ್ದು ಅಪ್ಪ. ಒಂದು ಬ್ಯಾಂಕಿನಲ್ಲಿ, ಇಂಥ ಕೋರ್ಸು ತಮ್ಮ ಕಂಪ್ಯೂಟರಿನ ಪಟ್ಟಿಯಲ್ಲೇ ಇಲ್ಲ ಎಂದು ಏಳು ಸಲ ಹಿಂದಕ್ಕೆ ಕಳುಹಿಸಿದರು. ಎಂಟನೆಯ ಸಲ ಅಪ್ಪ ಬೇರೊಂದು ಬ್ಯಾಂಕಿನ ಬಾಗಿಲು ತಟ್ಟಿದ. ಅಲ್ಲಿನ ಮ್ಯಾನೇಜರ್ ಮೇಡಂ ನಮ್ಮೆದುರಿಗೇ ಪ್ರಾಸ್ಪೆಕ್ಟಸ್ ಪೂರ್ತಿ ಓದಿ, ಅರ್ಥವಾಗದ ಎರಡು ಪದಗಳನ್ನು ನನ್ನನ್ನೇ ಕೇಳಿ, ಸಹಿ ಮಾಡಿದರು. ಕಡತ ಓದುವುದು ಅವರ ಕೆಲಸ, ನಿಜ. ಆ ಕೆಲಸ ಮಾಡಿದ್ದಕ್ಕೇ ಅವರಿಗೆ ಧನ್ಯವಾದ.

ಸಾರಿಗೆ ನಿಗಮದ ಕಂಡಕ್ಟರುಗಳಿಗೂ ಹೇಳಬೇಕು. ಶಿರಸಿ ಹಾದು, ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ ಕರಾವಳಿಯ ಹಾಸ್ಟೆಲ್ ಮುಟ್ಟುವ ದಾರಿ ನನ್ನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ದರದ ಚೀಟಿ ಹಿಡಿದು ಊರಿಗೆ ಹೋಗಿ ಬರತೊಡಗಿದೆ. ಅದಕ್ಕೆ ಮೊದಲು ಹಬ್ಬಕ್ಕೆ ಮಾತ್ರ ಹೋಗುತ್ತಿದ್ದೆ. ಕರಾವಳಿಯಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯ. ಹಾಗಾಗಿ ಸರ್ಕಾರಿ ಬಸ್ಸಿಗಾಗಿ ಮಳೆಯಲ್ಲಿ ಕಾದ ಗಂಟೆಗಳನ್ನು ಮಾತ್ರ ಲೆಕ್ಕ ಇಟ್ಟಿಲ್ಲ.

ಕುಂದಾಪುರದ ಗೆಳತಿ, ನನ್ನ ರೂಮ್‌ಮೇಟ್: ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದಿ, ಕುಂದಾಪುರ ಕನ್ನಡದಲ್ಲಿ ಬಿಡಿಸಿ ಹೇಳಿದವಳು. ಅವಳ ಕನ್ನಡ ಅರ್ಥವಾಗಲು ನನಗೆ ಇಂಗ್ಲಿಷಿಗಿಂತ ಹೆಚ್ಚು ದಿನ ಬೇಕಾಯಿತು ಎಂಬುದು ಬೇರೆ ಮಾತು.

ಹಾಟ್ ಲ್ಯಾಬಿನ ಅಟೆಂಡರ್ ಅಣ್ಣನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಂಟರ್ನ್‌ಶಿಪ್ಪಿನ ಎರಡನೆಯ ತಿಂಗಳು, ಬೆಳಿಗ್ಗೆ ಏಳು ಗಂಟೆ. ಸಿರಿಂಜಿಗೆ ಟೆಕ್ನೀಶಿಯಂ ಎಳೆಯುವಾಗ ನನ್ನ ಕೈ ಜಾರಿತು, ಕೆಲವು ಹನಿ ನೆಲಕ್ಕೆ ಬಿದ್ದವು. ಬಟ್ಟೆ ತರಲೆಂದು ಬಾಗಿಲಿನ ಕಡೆ ತಿರುಗಿದೆ. “ಓಡಬೇಡ. ನಿಂತಲ್ಲೇ ನಿಲ್ಲು” ಎಂದರು ಅವರು. ದನಿ ಏರಿಸಲಿಲ್ಲ. ನಾನು ಓಡಿದ್ದರೆ ಚಪ್ಪಲಿಗೆ ಹತ್ತಿದ್ದು ವರಾಂಡದ ತುಂಬ ಹರಡುತ್ತಿತ್ತು. ಹೀರುವ ಕಾಗದ ಹಾಸಿ, ಅಂಚಿನಿಂದ ನಡುವಿಗೆ ಒರೆಸುವುದನ್ನು ತೋರಿಸಿದರು. ನಡುವಿನಿಂದ ಅಂಚಿಗೆ ಒರೆಸಿದರೆ ಹರಡುತ್ತದೆ. ಕಾಗದ, ಕೈಗವಸು ಎಲ್ಲವೂ ಸೀಸದ ಡಬ್ಬಿಗೆ. ನನ್ನ ಚಪ್ಪಲಿಯ ಅಡಿಗೆ ವಿಕಿರಣ ಅಳೆಯುವ ಮೀಟರ್ ಹಿಡಿದರು, ಸದ್ದಿಲ್ಲ. ನೆಲದ ಮೇಲೆ ಹಿಡಿದರೆ ಇನ್ನೂ ಕಿರ್ ಕಿರ್ ಎನ್ನುತ್ತಿತ್ತು. ಅಷ್ಟು ಜಾಗಕ್ಕೆ ಸುತ್ತ ಗೆರೆ ಎಳೆದು, ಮುಚ್ಚಿ, ಹೊತ್ತು ಬರೆದಿಟ್ಟು, “ಇನ್ನು ಉಜ್ಜಬೇಡ. ನಾಳೆ ನೋಡೋಣ” ಎಂದರು.

ನಾಳೆ ಎಂದರೆ ನಾಲ್ಕು ಅರ್ಧಾಯು, ಹದಿನಾರನೆಯ ಒಂದು ಪಾಲು. ಎರಡೂವರೆ ದಿನಕ್ಕೆ ಸಾವಿರದಲ್ಲಿ ಒಂದು ಪಾಲು. ಅಣ್ಣ ಎಸ್ಸೆಸ್ಸೆಲ್ಸಿಯವರೆಗೆ ಓದಿದವರು, ಸೂತ್ರ ಅವರಿಗೆ ಬೇಕಾಗಿಲ್ಲ. ಎಲ್ಲಿ ಕೈ ಹಚ್ಚಬೇಕು, ಎಲ್ಲಿ ಸುಮ್ಮನೆ ಕಾಯಬೇಕು ಎಂಬುದು ಅವರ ಕೈಗೆ ಗೊತ್ತು. ವಿಕಿರಣ ಸುರಕ್ಷತಾಧಿಕಾರಿ ಮೇಡಂ ಬಂದು ರಿಜಿಸ್ಟರಿನಲ್ಲಿ ನಡೆದದ್ದನ್ನು ನನ್ನಿಂದಲೇ ಬರೆಸಿದರು. ಬೈಗುಳಕ್ಕೆ ಸಿದ್ಧಳಾಗಿದ್ದೆ. “ಮುಚ್ಚಿಡದೆ ಹೇಳಿದೆಯಲ್ಲ, ಅಷ್ಟು ಸಾಕು” ಎಂದು ಅವರು ಕಾಫಿಗೆ ಕರೆದೊಯ್ದರು.

ಆ ಮೇಡಂ ನನ್ನ ಇನ್ನೊಂದು ಸಂಕಟವನ್ನೂ ಕಡಿಮೆ ಮಾಡಿದರು. ವಿಕಿರಣದಲ್ಲಿ ಕೆಲಸ ಮಾಡುವ ಹುಡುಗಿಗೆ ಗಂಡು ಸಿಗುವುದಿಲ್ಲ, ಸಿಕ್ಕರೂ ಮಕ್ಕಳಾಗುವುದಿಲ್ಲ ಎಂದು ನೆಂಟರಲ್ಲಿ ಮಾತು ಎದ್ದಿತ್ತು. ನಮ್ಮ ಎದೆಯ ಮೇಲೆ ಸದಾ ಒಂದು ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳುಹಿಸಿ, ಮೈಗೆ ಎಷ್ಟು ವಿಕಿರಣ ತಗುಲಿತು ಎಂದು ಓದಿಸುತ್ತಾರೆ. ನಮ್ಮ ದೇಶದಲ್ಲಿ ನಮ್ಮಂಥ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಮೇಡಂ ನನ್ನ ವರದಿಯನ್ನು ಎದುರಿಗಿಟ್ಟು ಒಂದೊಂದೇ ಸಾಲು ವಿವರಿಸಿದರು. ನನ್ನ ಅಂಕಿ ಆ ಮಿತಿಯ ಹತ್ತಿರವೂ ಸುಳಿದಿರಲಿಲ್ಲ. ಅದರ ಫೋಟೊ ತೆಗೆದುಕೊಂಡು ದೀಪಾವಳಿಗೆ ಊರಿಗೆ ಹೋದೆ. ಕಾಕಾ ಮತ್ತೆ ಅದೇ ರಾಗ ತೆಗೆದ. ಫೋಟೊ ತೋರಿಸುವ ಮೊದಲೇ ಒಲೆಯ ಮುಂದಿನಿಂದ ಅವ್ವನ ದನಿ ಬಂತು: “ಅವಳ ಎದೆಯ ಮೇಲೆ ಅಳೆಯುವ ಬಿಲ್ಲೆಯಾದರೂ ಇದೆ. ನೀವು ಹತ್ತಿಗೆ ಎಣ್ಣೆ ಹೊಡೆಯುವಾಗ ನಿಮ್ಮ ಎದೆಯ ಮೇಲೆ ಏನಿದೆ?” ಕಾಕಾ ಹೋಳಿಗೆಯ ಕಡೆ ಗಮನ ಕೊಟ್ಟ.

ಇನ್ನು ರೋಗಿಗಳು. ಮೂಳೆಯ ಸ್ಕ್ಯಾನಿಗೆ ಬಂದಿದ್ದ ಅಜ್ಜನೊಬ್ಬ ಇಂಜೆಕ್ಷನ್ ತೆಗೆದುಕೊಂಡ ಮೇಲೆ, “ರಾತ್ರಿ ಕತ್ತಲಲ್ಲಿ ನಾನು ಹೊಳೆಯುತ್ತೇನೆಯೇ?” ಎಂದು ಕೇಳಿದ್ದ. ಎಕ್ಸ್‌ರೇಯಲ್ಲಿ ಯಂತ್ರ ಕಿರಣ ಬಿಡುತ್ತದೆ, ಇಲ್ಲಿ ನಿಮ್ಮ ಮೈಯಿಂದಲೇ ಕಿರಣ ಬರುತ್ತದೆ, ಯಂತ್ರ ಅದನ್ನು ಸುಮ್ಮನೆ ನೋಡುತ್ತದೆ, ಆದರೆ ಅದು ಕಣ್ಣಿಗೆ ಕಾಣುವ ಬೆಳಕಲ್ಲ ಎಂದೆ. ಔಷಧಿ ಮೂಳೆಗೆ ಇಳಿಯಲು ಬೇಕಾದ ಮೂರು ಗಂಟೆ ಅಜ್ಜ ನೀರು ಕುಡಿಯುತ್ತ ಕುಳಿತು, ಅಕ್ಕಪಕ್ಕದವರಿಗೆಲ್ಲ ಇದನ್ನು ನನಗಿಂತ ಚೆನ್ನಾಗಿ ವಿವರಿಸಿದ. ಅಪ್ಪನ ಪ್ರಶ್ನೆಗೆ ಅವನನ್ನೇ ಕರೆಸಬೇಕಿತ್ತು.

ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ, ವಿಕಿರಣಶೀಲ ಅಯೋಡಿನ್-131 ಕುಡಿದು ಪ್ರತ್ಯೇಕ ಕೋಣೆಯಲ್ಲಿದ್ದ ಒಬ್ಬ ಅಕ್ಕ ನೆನಪಿನಿಂದ ಹೋಗುವುದಿಲ್ಲ. ಆ ಕೋಣೆಯ ಶೌಚದ ನೀರು ಕೂಡ ನೇರವಾಗಿ ಚರಂಡಿಗೆ ಹೋಗದೆ ಬೇರೆ ತೊಟ್ಟಿಯಲ್ಲಿ ನಿಂತು ತಣಿಯಬೇಕು, ಅರ್ಧಾಯು ಎಂಟು ದಿನ. ದಿನವೂ ಬಾಗಿಲ ಬಳಿ ನಿಂತು, ದೂರದಿಂದ ಮೀಟರ್ ಹಿಡಿದು, ಅಂಕಿ ಬರೆದುಕೊಂಡು ಬರುವುದು ನನ್ನ ಕೆಲಸ. ಮೂರನೆಯ ದಿನ ಅವರು, “ತಂಗೀ, ಮನೆಗೆ ಹೋದ ಮೇಲೆ ಮಗುವನ್ನು ಎಷ್ಟು ದಿನ ಎತ್ತಿಕೊಳ್ಳಬಾರದು?” ಎಂದು ಕೇಳಿದರು. ವೈದ್ಯರು ಆಗಲೇ ಹೇಳಿದ್ದರು, ಚೀಟಿಯೂ ಕೊಟ್ಟಿದ್ದರು. ಆದರೂ ಕೇಳಿದರು. ಚೀಟಿಯಲ್ಲಿದ್ದುದನ್ನೇ ಹೇಳಿದೆ. “ನೀನು ದಿನವೂ ಅಂಕಿ ಬರೆದುಕೊಂಡು ಹೋಗುತ್ತೀಯಲ್ಲ, ಅದು ಇಳಿಯುತ್ತಿದೆಯೇ? ಅದನ್ನು ನನಗೂ ಹೇಳು” ಎಂದರು. ಅಂದಿನಿಂದ ಅಂಕಿಯನ್ನು ಜೋರಾಗಿ ಓದಿ ಹೇಳತೊಡಗಿದೆ. ಅವರು ಒಳಗೆ ಬೆರಳು ಮಡಿಸುತ್ತಿದ್ದರು. ಯಾವ ಪಠ್ಯದಲ್ಲೂ ಇಲ್ಲದ ಈ ಅಭ್ಯಾಸ ಕಲಿಸಿದ್ದಕ್ಕೆ, ಅಕ್ಕಾ, ನಿಮಗೆ ಕೈಮುಗಿಯುತ್ತೇನೆ.

ಕೊನೆಯ ತಿಂಗಳುಗಳು ಬೆಂಗಳೂರಿನಲ್ಲಿ ಕಳೆದವು. ಪೆಟ್ ಸ್ಕ್ಯಾನಿಗೆ ಬೇಕಾದ ಎಫ್‌ಡಿಜಿ ಎಂಬ ವಿಕಿರಣಶೀಲ ಔಷಧಿ, ಅದನ್ನು ತಯಾರಿಸಲು ಬೇಕಾದ ಸೈಕ್ಲೊಟ್ರಾನ್ ಯಂತ್ರ ಇರುವ ಕಡೆಯಿಂದ ಬೆಳಗಿನ ಜಾವ ಗಾಡಿಯಲ್ಲಿ ಬರುತ್ತಿತ್ತು. ಅದರ ಅರ್ಧಾಯು 110 ನಿಮಿಷ. ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡರೆ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಕರಗಿ, ಕಡೆಯ ಇಬ್ಬರು ರೋಗಿಗಳು ಉಪವಾಸ ಮಾಡಿದ್ದು ವ್ಯರ್ಥವಾಗಿ ಮನೆಗೆ ಹೋಗಬೇಕು. ಗಾಡಿ ತರುತ್ತಿದ್ದ ಡ್ರೈವರಣ್ಣನಿಗೆ ಸಿಲ್ಕ್ ಬೋರ್ಡ್ ತಪ್ಪಿಸುವ ಗಲ್ಲಿಗಳೆಲ್ಲ ಗೊತ್ತಿದ್ದವು. ನಾನಿದ್ದಷ್ಟು ದಿನ ಒಬ್ಬ ರೋಗಿಯೂ ಹಾಗೆ ಹಿಂದಿರುಗಲಿಲ್ಲ.

ಕಾಣದ ಇಬ್ಬರಿಗೂ ಒಂದು ಸಾಲು ಇರಲಿ. 1950ರ ದಶಕದಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಾಲ್ಟರ್ ಟಕ್ಕರ್ ಮತ್ತು ಮಾರ್ಗರೆಟ್ ಗ್ರೀನ್ ಬೇರೆ ಯಾವುದೋ ಜನರೇಟರಿನಲ್ಲಿ ಕಂಡ ಕಲ್ಮಶದ ಬೆನ್ನು ಹತ್ತಿ ಹೋಗಿ ಈ ಸೀಸದ ಆಕಳನ್ನು ಕಟ್ಟಿದರು. ಇದಕ್ಕೆ ಅಂಥ ಪೇಟೆಯಿಲ್ಲ ಎಂದು ಆಗ ಪೇಟೆಂಟ್ ಮಾಡಿಸಲಿಲ್ಲವಂತೆ. ಇವತ್ತು ನನ್ನ ಸಂಬಳ ಅದರಿಂದ ಬರಲಿದೆ.

ಅಪ್ಪನ ಪ್ರಶ್ನೆಯನ್ನು ಅವ್ವ ಬಗೆಹರಿಸಿದ್ದಾಳೆ: “ಆಸ್ಪತ್ರೆಯಲ್ಲಿ ಕೆಲಸ ಎಂದು ಹೇಳಿ, ಮುಂದೆ ಕೇಳಿದವರಿಗೆ ಅವಳ ಫೋನ್ ನಂಬರ್ ಕೊಡಿ.” ನನ್ನನ್ನು ಮಾತ್ರ ಬೇರೆಯದೇ ಕೇಳಿದಳು, ಹೊಸ ಆಸ್ಪತ್ರೆಗೆ ಆಕಳು ಯಾವ ವಾರ ಬರುತ್ತದೆ ಎಂದು. ಸೋಮವಾರ ಎಂದೆ. ನಾನು ಹಾಜರಾಗಬೇಕಾದದ್ದೂ ಅದೇ ಸೋಮವಾರ, ಬೆಳಿಗ್ಗೆ ಆರೂವರೆಗೆ. ಒಳಗೆ ಹೋಗುವ ಮೊದಲು ಅವ್ವನಿಗೆ ಫೋನ್ ಮಾಡೋಣವೆಂದರೆ, ಆ ಹೊತ್ತಿಗೆ ಅವಳು ಎರಡನೆಯ ಆಕಳಿನ ಕೆಚ್ಚಲ ಬಳಿ ಕುಳಿತಿರುತ್ತಾಳೆ. ಎತ್ತುವುದಿಲ್ಲ.